ಮೂಗಿನ ಮಟ್ಟದ ಓಝೋನ್‌ಗೂ ಒಂದು ಪುಟ ಕೊಡಿ

ಸಂಪಾದಕರಿಗೆ ನಮಸ್ಕಾರ.

ಸೆಪ್ಟೆಂಬರ್ 16ರ ಓಝೋನ್ ದಿನಕ್ಕೆ ನಿಮ್ಮ ಪತ್ರಿಕೆ ತಂದ ವಿಶೇಷ ಪುಟ ಚೆನ್ನಾಗಿತ್ತು. ಕೊಡೆ ಹಿಡಿದ ಭೂಮಿಯ ಚಿತ್ರ, 1987ರ ಮಾಂಟ್ರಿಯಲ್ ಒಪ್ಪಂದದ ಕಥೆ, ಹಳೇ ಫ್ರಿಜ್‌ಗಳ ಅನಿಲದ ವಿವರ ಎಲ್ಲವೂ ಇತ್ತು. ಅದೇ ಸಂಚಿಕೆಯ ಒಳಪುಟದಲ್ಲಿ ಒಂದು ಜಾಹೀರಾತೂ ಇತ್ತು. ಕೋಣೆಯೊಳಗೆ ಓಝೋನ್ ಬಿಡುವ ಯಂತ್ರವಂತೆ. ಮನೆ ಗಾಳಿ ಮಲೆನಾಡಿನ ಗಾಳಿಯಂತೆ ತಾಜಾ ಆಗುತ್ತದಂತೆ. ಎರಡನ್ನೂ ಓದಿದವರ ತಲೆಯಲ್ಲಿ ಉಳಿಯುವುದು ಇಷ್ಟೇ: ಓಝೋನ್ ಒಳ್ಳೆಯದು, ಎಷ್ಟಿದ್ದರೂ ಒಳ್ಳೆಯದು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿಸಲೇಬೇಕಾದರೆ ನನ್ನ ಮಾತನ್ನು ಕತ್ತರಿಸಿ, ಓಝೋನ್ ವಿಜ್ಞಾನಿ ಪಾಲ್ ಕ್ರುಟ್ಜೆನ್ ಅವರ ವಿಷಯವನ್ನು ಉಳಿಸಿ.

ನಾನು ಸಿವಿಲ್ ಡಿಪ್ಲೊಮಾ ಮಾಡಿ, ಸರ್ಕಾರಿ ಕೆಲಸಕ್ಕೆ ಸೇರಿ, ಸೇವೆಯ ಬಹುಪಾಲನ್ನು ಸೇತುವೆಗಳ ಮೇಲೆ ಕಳೆದವನು. ಓಝೋನ್ ನನಗೆ ಪರಿಚಯವಾದದ್ದೂ ಸೇತುವೆಯ ಅಡಿಯಲ್ಲೇ. ಗರ್ಡರನ್ನು, ಅಂದರೆ ಸೇತುವೆಯ ತೊಲೆಯನ್ನು, ಕಂಬದ ಮೇಲೆ ನೇರವಾಗಿ ಕೂರಿಸುವುದಿಲ್ಲ. ನಡುವೆ ಕಪ್ಪು ರಬ್ಬರಿನ ದಪ್ಪ ಪ್ಯಾಡ್ ಇಡುತ್ತೇವೆ. ನಿಯೋಪ್ರೀನ್ ಬೇರಿಂಗ್ ಅಂತ ಅದಕ್ಕೆ ಹೆಸರು. ಬಿಸಿಲಿಗೆ ಗರ್ಡರ್ ಹಿಗ್ಗಿದರೆ, ಲಾರಿ ಹಾದುಹೋದಾಗ ಬಾಗಿದರೆ, ಆ ಪ್ಯಾಡ್ ತಡೆದುಕೊಳ್ಳಬೇಕು. ಕಂಪನಿಯಿಂದ ಪ್ಯಾಡ್ ಜೊತೆ ಪರೀಕ್ಷಾ ವರದಿ ಬರುತ್ತದೆ. ಗಡಸುತನ ಎಷ್ಟು, ಎಳೆದರೆ ಎಷ್ಟು ತಡೆಯುತ್ತದೆ ಅನ್ನುವ ಸಾಲುಗಳ ಕೆಳಗೆ ‘ಓಝೋನ್ ರೆಸಿಸ್ಟೆನ್ಸ್’ ಅಂತ ಒಂದು ಸಾಲು. ರಬ್ಬರನ್ನು ಎಳೆದು ಹಿಡಿದು, ಓಝೋನ್ ಇರುವ ಪೆಟ್ಟಿಗೆಯಲ್ಲಿಟ್ಟು, ಬಿರುಕು ಬಂತೇ ಅಂತ ನೋಡಿರುತ್ತಾರೆ. ಹೊಸದಾಗಿ ಸೇರಿದ ಹುಡುಗರು ಯಾವಾಗಲೂ ಕೇಳುತ್ತಿದ್ದರು, “ಸಾರ್, ಓಝೋನ್ ಇರೋದು ಆಕಾಶದಲ್ಲಿ ಅಲ್ವಾ, ಹೊಳೆ ಮೇಲಿನ ಸೇತುವೆಗೆ ಯಾಕೆ ಈ ಟೆಸ್ಟು?”

ಹೊಳೆ ಮೇಲೂ ಓಝೋನ್ ಇದೆ, ಅದಕ್ಕೆ. ಒಟ್ಟು ಓಝೋನ್‌ನಲ್ಲಿ ಸುಮಾರು 90 ಪಾಲು ಮೇಲಿನ ಪದರದಲ್ಲಿದ್ದರೆ, ಉಳಿದ 10 ಪಾಲು ನಾವು ಉಸಿರಾಡುವ ಈ ಕೆಳಗಿನ ಪದರದಲ್ಲಿದೆ. ಮೇಲಿನದು ಸೂರ್ಯನ ನೇರಳಾತೀತ ಕಿರಣ ತಡೆಯುತ್ತದೆ. ಕೆಳಗಿನದು ಶ್ವಾಸಕೋಶವನ್ನು ಕೆರಳಿಸುತ್ತದೆ, ಅಸ್ತಮಾ ಇದ್ದವರನ್ನು ಹೈರಾಣು ಮಾಡುತ್ತದೆ, ಎಲೆಯೊಳಗೆ ಹೊಕ್ಕು ಬೆಳೆ ಕುಂದಿಸುತ್ತದೆ, ರಬ್ಬರನ್ನು ಸೀಳುತ್ತದೆ.

ರಬ್ಬರಿನ ಈ ಗುಣವೇ ಒಂದು ಕಾಲದಲ್ಲಿ ಅಳತೆಯ ಸಾಧನವಾಗಿತ್ತು. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಣ್ಣುರಿಸುವ ಮಬ್ಬು ಕವಿಯಲು ಶುರುವಾಯಿತು. ಕಾರಿನ ಟೈರುಗಳು ಬೇರೆ ಊರಿಗಿಂತ ಬೇಗ ಬಿರಿಯುತ್ತಿದ್ದವು. ಅಲ್ಲಿ ಅನಾನಸ್ ಹಣ್ಣಿನ ಪರಿಮಳದ ರಸಾಯನ ಅಧ್ಯಯನ ಮಾಡುತ್ತಿದ್ದ ಡಚ್ ವಿಜ್ಞಾನಿ ಆರಿ ಹಾಗೆನ್-ಸ್ಮಿತ್ ಆ ಗಾಳಿಯನ್ನು ಪರೀಕ್ಷೆಗೆ ತೆಗೆದುಕೊಂಡರು. ವಾಹನ ಮತ್ತು ಎಣ್ಣೆ ಶುದ್ಧೀಕರಣ ಘಟಕಗಳಿಂದ ಹೊರಟ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಾಗ ಗಾಳಿಯಲ್ಲೇ ಓಝೋನ್ ಹುಟ್ಟುತ್ತದೆ ಅಂತ 1950ರ ದಶಕದ ಶುರುವಿನಲ್ಲಿ ತೋರಿಸಿದರು. ಬಾಗಿಸಿ ಕಟ್ಟಿದ ರಬ್ಬರ್ ಪಟ್ಟಿ ಎಷ್ಟು ಬೇಗ ಬಿರುಕು ಬಿಡುತ್ತದೆ ಅನ್ನುವುದರ ಮೇಲೆ ಓಝೋನ್ ಎಷ್ಟಿದೆ ಅಂತ ಅಂದಾಜು ಮಾಡುತ್ತಿದ್ದರು. ಮುಂದೆ ಕ್ಯಾಲಿಫೋರ್ನಿಯಾ ರಾಜ್ಯದ ವಾಯು ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ಅದೇ ಮಂಡಳಿಯ ನಿಯಮದ ಪ್ರಕಾರ ಇವತ್ತು ಅಲ್ಲಿ, 100 ಕೋಟಿಗೆ 50 ಪಾಲು ಮೀರಿ ಓಝೋನ್ ಬಿಡುವ ಗಾಳಿ ಶುದ್ಧಿ ಯಂತ್ರಗಳನ್ನು ಮನೆ ಬಳಕೆಗೆ ಮಾರುವಂತಿಲ್ಲ. ನಿಮ್ಮ ಜಾಹೀರಾತು ವಿಭಾಗದವರಿಗೆ ಈ ಸಾಲನ್ನು ದಯವಿಟ್ಟು ಓದಿ ಹೇಳಿ.

ಈಗ ಕ್ರುಟ್ಜೆನ್ ಅವರ ವಿಷಯ. ನಿಮ್ಮ ಪುಟದಲ್ಲಿ ಅವರನ್ನು ‘ಓಝೋನ್ ರಂಧ್ರದ ವಿಜ್ಞಾನಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. 1995ರಲ್ಲಿ ಮಾರಿಯೋ ಮೊಲಿನಾ, ಶೆರ್ವುಡ್ ರೋಲೆಂಡ್ ಜೊತೆ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು, ನಿಜ. ಆದರೆ ಆ ಪ್ರಶಸ್ತಿಯ ಒಕ್ಕಣೆಯಲ್ಲಿ ಓಝೋನ್ ‘ಹುಟ್ಟುವುದು ಮತ್ತು ನಾಶವಾಗುವುದು’ ಎರಡರ ಮಾತೂ ಇದೆ. ಹುಟ್ಟುವ ಕಡೆಯ ಕಥೆ ನಮ್ಮ ಪತ್ರಿಕೆಗಳಲ್ಲಿ ಬರುವುದೇ ಇಲ್ಲ.

ಕ್ರುಟ್ಜೆನ್ ಅವರೂ ನಮ್ಮವರೇ, ಅಂದರೆ ಸೇತುವೆಯವರು! 1933ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದರು. ಅಪ್ಪ ಹೋಟೆಲ್ ಸಪ್ಲೈಯರ್, ಅಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಊರಿಗೆ ಊರೇ ಹಸಿದಿತ್ತು. ಶಾಲೆಯ ಕೊನೆಯ ಪರೀಕ್ಷೆಯ ಹೊತ್ತಿಗೆ ಹುಡುಗನಿಗೆ ಜೋರು ಜ್ವರ. ಅಂಕ ಕಡಿಮೆ ಬಂತು, ವಿದ್ಯಾರ್ಥಿವೇತನ ಸಿಗಲಿಲ್ಲ, ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಸಿವಿಲ್ ಓದಲು ತಾಂತ್ರಿಕ ಶಾಲೆಗೆ ಸೇರಿದರು. ನಮ್ಮ ಪಾಲಿಟೆಕ್ನಿಕ್ ಅಂದುಕೊಳ್ಳಿ. 1954ರಿಂದ ಆಮ್‌ಸ್ಟರ್‌ಡ್ಯಾಮ್ ನಗರದ ಸೇತುವೆ ಕಚೇರಿಯಲ್ಲಿ ನೌಕರಿ, ನಡುವೆ ಕಡ್ಡಾಯ ಮಿಲಿಟರಿ ಸೇವೆ. ಫಿನ್ಲೆಂಡಿನ ಹುಡುಗಿಯನ್ನು ಮದುವೆಯಾಗಿ ಸ್ವೀಡನ್‌ಗೆ ಹೋದರು. ಅಲ್ಲೂ ಮನೆ ಕಟ್ಟುವ ಕಚೇರಿಯಲ್ಲೇ ಕೆಲಸ.

1958ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡಿದರು. (ಒಳ್ಳೆಯ ಜಾಹೀರಾತುಗಳೂ ಇರುತ್ತವೆ.) ಸ್ಟಾಕ್‌ಹೋಮ್‌ನ ಹವಾಮಾನ ವಿಭಾಗಕ್ಕೆ ಕಂಪ್ಯೂಟರ್ ಪ್ರೋಗ್ರಾಮರ್ ಬೇಕಾಗಿತ್ತು. ಕ್ರುಟ್ಜೆನ್ ಅವರಿಗೆ ಆ ಕೆಲಸದ ಗಂಧಗಾಳಿ ಇರಲಿಲ್ಲ. ಆದರೂ ಅರ್ಜಿ ಹಾಕಿದರು, ಆಯ್ಕೆಯೂ ಆದರು. 1959ರ ಜುಲೈನಲ್ಲಿ ಕೆಲಸಕ್ಕೆ ಸೇರಿದರು. ಆಗ ಜಗತ್ತಿನ ವೇಗದ ಕಂಪ್ಯೂಟರುಗಳಲ್ಲಿ ಕೆಲವು ಸ್ಟಾಕ್‌ಹೋಮ್‌ನಲ್ಲಿದ್ದವು. ಮೊದಲು ಹವಾ ಮುನ್ಸೂಚನೆ, ಚಂಡಮಾರುತಗಳ ಲೆಕ್ಕದ ಪ್ರೋಗ್ರಾಂ ಬರೆದರು. ಬಿಡುವಿನಲ್ಲಿ ಪಾಠ ಕೇಳಿ 1963ರಲ್ಲಿ ಪದವಿ ಪಡೆದರು. ಗಣಿತ, ಸಂಖ್ಯಾಶಾಸ್ತ್ರ, ಹವಾಮಾನ ಅವರ ವಿಷಯಗಳು. ರಸಾಯನ ವಿಜ್ಞಾನ ತೆಗೆದುಕೊಳ್ಳಲಿಲ್ಲ. ಲ್ಯಾಬಿಗೆ ಹೋಗಲು ನೌಕರಿಯ ಮಧ್ಯೆ ಸಮಯವೇ ಇರಲಿಲ್ಲ. 1965ರ ಸುಮಾರಿಗೆ ಒಬ್ಬ ಅಮೆರಿಕನ್ ವಿಜ್ಞಾನಿಗೆ ಓಝೋನ್ ಲೆಕ್ಕದ ಪ್ರೋಗ್ರಾಂ ಬರೆದುಕೊಡುವ ಕೆಲಸ ಬಂತು. ಸುಮ್ನೆ ಕೋಡ್ ಬರೆದು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ಆ ಸಮೀಕರಣಗಳು ಯಾಕೆ ಹಾಗಿವೆ ಅಂತ ಕೇಳುತ್ತಾ ಹೋದರು. ರಸಾಯನ ಓದದೆ ರಸಾಯನದ ನೊಬೆಲ್‌ಗೆ ಹೊರಟ ದಾರಿ ಅದು.

ಇಲ್ಲಿ ನನ್ನದೊಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ ಡಿಸೈನ್ ತರಬೇತಿಗೆ ಡಿಗ್ರಿಯವರನ್ನಷ್ಟೇ ಕಳಿಸಿದರು. ಡಿಪ್ಲೊಮಾದವರಿಗೆ ಸೈಟ್ ಸಾಕು ಅಂದರು. ಯಾರು, ಎಲ್ಲಿ ಅನ್ನುವುದು ಈಗ ಬೇಡ. ಸ್ಟಾಕ್‌ಹೋಮ್‌ನಲ್ಲೂ ಅದೇ ನಿಯಮ ಇದ್ದಿದ್ದರೆ ಕ್ರುಟ್ಜೆನ್ ಸ್ವೀಡನ್‌ನಲ್ಲಿ ಮನೆ ಕಟ್ಟಿಸುತ್ತಲೇ ನಿವೃತ್ತರಾಗುತ್ತಿದ್ದರು.

1970ರಲ್ಲಿ ಅವರು ಬರೆದ ಪ್ರಬಂಧ ಮೇಲಿನ ಪದರದ್ದು. ನೈಟ್ರೋಜನ್ ಆಕ್ಸೈಡುಗಳು ಅಲ್ಲಿ ತಾವು ಖರ್ಚಾಗದೆ ಓಝೋನನ್ನು ಮತ್ತೆ ಮತ್ತೆ ಮುರಿಯುತ್ತವೆ ಅಂತ ತೋರಿಸಿದರು. ಈ ಆಕ್ಸೈಡುಗಳ ಮೂಲ ಎಲ್ಲಿ ಗೊತ್ತಾ? ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ನೈಟ್ರಸ್ ಆಕ್ಸೈಡ್. ಹೊಲಕ್ಕೆ ಯೂರಿಯಾ ಜಾಸ್ತಿ ಸುರಿದರೆ ಅದೂ ಜಾಸ್ತಿ. ಇದು ನಿಮ್ಮ ಓಝೋನ್ ಪುಟಕ್ಕೆ ಸೇರುವ ಸಂಗತಿ, ಆದರೆ ಯೂರಿಯಾ ಹೆಸರು ಅಲ್ಲಿ ಕಾಣಲಿಲ್ಲ.

ನನಗೆ ಮಜಾ ಅನ್ನಿಸುವುದು ಅದರ ಮುಂದಿನ ಭಾಗ. ಆಗಿನ ಕಾಲಕ್ಕೆ ಹೆಚ್ಚಿನವರ ನಂಬಿಕೆ ಹೀಗಿತ್ತು: ಕೆಳಗಿರುವ ಓಝೋನ್ ಎಲ್ಲ ಮೇಲಿನಿಂದ ಇಳಿದು ಬಂದದ್ದು, ನೆಲಕ್ಕೆ ತಾಗಿ ನಾಶವಾಗುತ್ತದೆ, ಲಾಸ್ ಏಂಜಲೀಸ್‌ನಂಥ ಕೆಟ್ಟ ಊರುಗಳ ಮಾತು ಬೇರೆ. 1971ರಲ್ಲಿ ಹೈರಮ್ ಲೆವಿ ಎಂಬ ಅಮೆರಿಕನ್, ಶುದ್ಧ ಗಾಳಿಯಲ್ಲೂ ಹೈಡ್ರಾಕ್ಸಿಲ್ ಎಂಬ ಚುರುಕು ಕಣ ಹುಟ್ಟುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ಓಝೋನ್ ಮೇಲೆ ಬಿಸಿಲು ಬಿದ್ದು, ನೀರಾವಿ ಸೇರಿದರೆ ಅದು ಹುಟ್ಟುತ್ತದೆ. ಬದುಕುವುದು ಸೆಕೆಂಡಿನಷ್ಟೇ. ಅಷ್ಟರಲ್ಲೇ ಕಾರ್ಬನ್ ಮಾನಾಕ್ಸೈಡನ್ನೋ ಮೀಥೇನನ್ನೋ ಹಿಡಿದು ಉರಿಸುತ್ತದೆ. ಗಾಳಿ ತನ್ನನ್ನು ತಾನು ತೊಳೆದುಕೊಳ್ಳುವುದು ಇದರಿಂದಲೇ. ಬಿಸಿಲು, ಸೆಖೆ ಎರಡೂ ಇರುವ ನಮ್ಮಂಥ ನಾಡುಗಳ ಮೇಲೆ ಇದು ಹೆಚ್ಚು. ಹಾಗಾಗಿ ಕೆಳಗೆ ಓಝೋನ್ ಸೊನ್ನೆಯಾಗಬೇಕು ಅಂತ ಯಾರೂ ಕೇಳುವುದಿಲ್ಲ. ಮಿತಿಯಲ್ಲಿರಲಿ ಅಷ್ಟೇ.

ಕ್ರುಟ್ಜೆನ್ ಈ ಎಳೆಯನ್ನು ಹಿಡಿದು ಮುಂದೆ ಹೋದರು. ಹೈಡ್ರಾಕ್ಸಿಲ್ ಮೀಥೇನನ್ನು ಉರಿಸುವಾಗ ನಡುವೆ ಕೆಲವು ಕಣಗಳು ಹುಟ್ಟುತ್ತವೆ. ಅಲ್ಲಿ ನೈಟ್ರಿಕ್ ಆಕ್ಸೈಡ್ ಇದ್ದರೆ ಈ ಕಣಗಳು ಅದನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತವೆ. ಬಿಸಿಲು ಅದನ್ನು ಒಡೆಯುತ್ತದೆ, ಬಿಡುಗಡೆಯಾದ ಆಮ್ಲಜನಕದ ಪರಮಾಣು ಗಾಳಿಯ ಆಮ್ಲಜನಕಕ್ಕೆ ಸೇರಿ ಓಝೋನ್ ಆಗುತ್ತದೆ. ನೈಟ್ರಿಕ್ ಆಕ್ಸೈಡ್ ಹಾಗೇ ವಾಪಸ್ ಬಂದು ಮತ್ತೆ ಅದೇ ಕೆಲಸಕ್ಕೆ ನಿಲ್ಲುತ್ತದೆ. ನೈಟ್ರಿಕ್ ಆಕ್ಸೈಡ್ ತೀರಾ ಕಡಿಮೆ ಇದ್ದರೆ ಲೆಕ್ಕ ತಿರುಗುಮುರುಗಾಗಿ ಓಝೋನ್ ಕರಗುತ್ತದೆ. ಅಂದರೆ, ಮೇಲೆ ಓಝೋನ್ ಮುರಿಯುವ ಅದೇ ನೈಟ್ರೋಜನ್ ಆಕ್ಸೈಡು ಕೆಳಗೆ ಓಝೋನ್ ಕಟ್ಟುತ್ತದೆ. ಇದನ್ನು ಅವರು 1973ರಲ್ಲಿ ಪ್ರಕಟಿಸಿದರು. ಹಳಬರು ಒಪ್ಪಲಿಲ್ಲ, ವರ್ಷಗಟ್ಟಲೆ ಜಗಳ ನಡೆಯಿತು.

1978ರಲ್ಲಿ ಜ್ಯಾಕ್ ಫಿಶ್‌ಮನ್ ಜೊತೆ ಸೇರಿ ಅವರು ಮುಂದಿಟ್ಟ ವಾದ ಪಕ್ಕಾ ಎಂಜಿನಿಯರನ ವಾದ. ಸಮುದ್ರಕ್ಕಿಂತ ನೆಲಕ್ಕೆ ತಾಗಿದಾಗ ಓಝೋನ್ ಜಾಸ್ತಿ ನಾಶವಾಗುತ್ತದೆ. ನೆಲ ಹೆಚ್ಚಿರುವುದು ಉತ್ತರಾರ್ಧ ಗೋಳದಲ್ಲಿ. ಎಲ್ಲ ಓಝೋನೂ ಮೇಲಿನಿಂದಲೇ ಇಳಿದು ಬರುವುದಾದರೆ ಉತ್ತರದ ಆ ಖರ್ಚನ್ನು ತುಂಬುವವರು ಯಾರು? ಜಮಾ ಖರ್ಚು ತಾಳೆಯಾಗುವುದಿಲ್ಲ. ಹಾಗಾದರೆ ಅಲ್ಲೇ ಎಲ್ಲೋ ತಯಾರಾಗುತ್ತಿರಬೇಕು. ಇವತ್ತಿನ ಮಾಡೆಲ್‌ಗಳ ಪ್ರಕಾರ ಕೆಳಗಿನ ಪದರದಲ್ಲಿ ರಾಸಾಯನಿಕವಾಗಿ ಹುಟ್ಟುವ ಓಝೋನ್ ಮುಂದೆ ಮೇಲಿನಿಂದ ಇಳಿದು ಬರುವುದು ಸುಮಾರು ಹತ್ತನೇ ಒಂದು ಪಾಲು.

ಮಾಡೆಲ್ ಅಂದರೆ ಏನು ಅಂತ ಓದುಗರಿಗೆ ಒಂದು ಮಾತು ಹೇಳಬೇಕು. ವಾಯುಮಂಡಲವನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಭಾಗ ಮಾಡುತ್ತಾರೆ. ಪ್ರತಿ ಪೆಟ್ಟಿಗೆಗೆ ಏನು ಹೊಗೆ ಬಂತು, ಗಾಳಿ ಪಕ್ಕದ ಪೆಟ್ಟಿಗೆಗೆ ಎಷ್ಟು ಸಾಗಿಸಿತು, ಬಿಸಿಲಿಗೆ ಯಾವುದು ಯಾವುದಾಗಿ ಬದಲಾಯಿತು, ನೆಲಕ್ಕೆ ಎಷ್ಟು ಇಳಿಯಿತು ಎಂಬ ಲೆಕ್ಕ. ಒಂದು ಪೆಟ್ಟಿಗೆ ಸರಿಮಾಡಿದರೆ ಪಕ್ಕದ್ದು ಕೆಡುತ್ತದೆ. ಭಾರ ಯಾವ ತೊಲೆಗೆ ಎಷ್ಟು ಹಂಚಿಹೋಗುತ್ತದೆ ಅಂತ ನೋಡಲು ನಾವು ಹಳೇ ಕಾಲದಲ್ಲಿ ಕೈಯಲ್ಲಿ ಮಾಡುತ್ತಿದ್ದ ಮೊಮೆಂಟ್ ಡಿಸ್ಟ್ರಿಬ್ಯೂಷನ್ ಹಾಗೇ: ಒಂದು ಜಾಯಿಂಟ್ ಸಮ ಮಾಡಿ, ಉಳಿದದ್ದನ್ನು ಪಕ್ಕಕ್ಕೆ ದಾಟಿಸಿ, ಮತ್ತೆ ಅದನ್ನು ಸಮ ಮಾಡಿ, ಎಲ್ಲ ಶಾಂತವಾಗುವ ತನಕ. ಇಲ್ಲಿ ಕಷ್ಟ ಇನ್ನೂ ಹೆಚ್ಚು. ಹೈಡ್ರಾಕ್ಸಿಲ್ ಆಯಸ್ಸು ಒಂದು ಸೆಕೆಂಡ್, ಓಝೋನ್‌ದು ಕೆಲವು ವಾರ, ಮೀಥೇನ್‌ದು ಸುಮಾರು 9 ವರ್ಷ. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಓಡಿಸಬೇಕು.

1980ರಲ್ಲಿ ಕ್ರುಟ್ಜೆನ್ ಜರ್ಮನಿಯ ಮೈನ್ಜ್ ಊರಿನ ಮ್ಯಾಕ್ಸ್ ಪ್ಲಾಂಕ್ ರಸಾಯನ ಸಂಸ್ಥೆಗೆ ನಿರ್ದೇಶಕರಾಗಿ ಹೋದರು. ಅಲ್ಲಿ ತಯಾರಾದ ಮಾಡೆಲ್‌ಗೆ ಆ ಊರಿನ ಹಳೇ ಲ್ಯಾಟಿನ್ ಹೆಸರನ್ನೇ ಇಟ್ಟರು, ಮೊಗುಂಟಿಯಾ ಅಂತ. ಅದರ ಒಂದೊಂದು ಪೆಟ್ಟಿಗೆ 10 ಡಿಗ್ರಿ ಅಗಲ, 10 ಡಿಗ್ರಿ ಉದ್ದ. ನಾನು ಕುತೂಹಲಕ್ಕೆ ನಕ್ಷೆ ತೆಗೆದು, 10ರಿಂದ 20 ಡಿಗ್ರಿ ಅಕ್ಷಾಂಶ, 70ರಿಂದ 80 ಡಿಗ್ರಿ ರೇಖಾಂಶದ ಚೌಕ ಎಳೆದೆ. ಬೀದರ್‌ನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಅದರೊಳಗೆ ಬಂತು. ಗೋವಾ, ಮುಂಬೈ, ಹೈದರಾಬಾದ್ ಕೂಡ. ಇಷ್ಟು ದೊಡ್ಡ ಪೆಟ್ಟಿಗೆಯಲ್ಲೂ ಜಗತ್ತಿನ ಓಝೋನ್ ಲೆಕ್ಕದ ದೊಡ್ಡ ಗೆರೆಗಳನ್ನು ಅವರು ಎಳೆದರು ಅನ್ನುವುದೇ ನನಗೆ ಆಶ್ಚರ್ಯ. ಪೆಟ್ಟಿಗೆಗಳನ್ನು ಚಿಕ್ಕದು ಮಾಡುವ ಕೆಲಸ ಮುಂದಿನವರದ್ದಾಯಿತು.

ಅವರು ಬರೀ ಕಂಪ್ಯೂಟರ್ ಮುಂದೆ ಕೂತವರಲ್ಲ. ಮೈನ್ಜ್‌ಗೆ ಹೋಗುವ ಮೊದಲೇ ಕೊಲೊರಾಡೊದಲ್ಲಿ ಕಾಡಿನ ಬೆಂಕಿಯ ಹೊಗೆ ಹಿಡಿದು ಅಳೆದು, ಕಾಡು, ಹುಲ್ಲು, ಬೆಳೆಯ ಕಸ ಸುಡುವುದರಿಂದ ಜಗತ್ತಿನ ಗಾಳಿಗೆ ಎಷ್ಟು ಅನಿಲ ಸೇರುತ್ತದೆ ಅಂತ 1979ರಲ್ಲಿ ಅಂದಾಜು ಕೊಟ್ಟರು. ಆಮೇಲೆ ಬ್ರೆಜಿಲ್‌ಗೆ ಹೋದರು. ಕಾರ್ಖಾನೆಯೇ ಇಲ್ಲದ ಜಾಗದಲ್ಲೂ ಬೆಂಕಿ ಹಚ್ಚುವ ಕಾಲದಲ್ಲಿ ಓಝೋನ್ ಏರುತ್ತದೆ ಅಂತ ಗೊತ್ತಾಯಿತು. ಕಬ್ಬಿನ ರವದಿಗೆ ಕಡ್ಡಿ ಗೀರುವ ನಮ್ಮ ರೈತರಿಗೆ ‘ಮಣ್ಣು ಹಾಳಾಗುತ್ತದೆ’ ಅಂತ ಹೇಳುತ್ತೇವೆ. ಆ ಹೊಗೆ ಬಿಸಿಲಿಗೆ ಓಝೋನ್ ಆಗಿ ಪಕ್ಕದ ಬೆಳೆಗೇ ಕುತ್ತು ತರುತ್ತದೆ ಅಂತಲೂ ಹೇಳಬೇಕು.

ನಮ್ಮ ನಾಡಿಗೂ ಅವರಿಗೂ ನಿಜವಾದ ಕೊಂಡಿ ಒಂದಿದೆ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ಮಾಲ್ಡೀವ್ಸ್ ನೆಲೆಯಾಗಿ ಇಂಡೋಎಕ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಚಳಿಗಾಲದಲ್ಲಿ ನಮ್ಮ ಉಪಖಂಡದ ಕಂದು ಮಬ್ಬು ಸಮುದ್ರದ ಮೇಲೆ ಎಷ್ಟು ದೂರ ಹರಡುತ್ತದೆ ಅಂತ ಜಗತ್ತು ನೋಡಿದ್ದು ಆಗ. ಅದರ ಮುಂದಾಳುಗಳು ಇಬ್ಬರು: ಕ್ರುಟ್ಜೆನ್ ಮತ್ತು ವಿ. ರಾಮನಾಥನ್. ರಾಮನಾಥನ್ ಬಾಲ್ಯದಲ್ಲಿ ಬೆಂಗಳೂರಿಗೆ ಬಂದವರು, ಮುಂದೆ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು.

ಅದೇ ರಾಮನಾಥನ್ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ಜೊತೆ ಸೇರಿ 2014ರಲ್ಲಿ ಪ್ರಕಟಿಸಿದ ಲೆಕ್ಕ ನಮ್ಮ ಕಡೆಯವರನ್ನು ಕುರ್ಚಿಯಿಂದ ಏಳಿಸಬೇಕಿತ್ತು. 2005ರ ಒಂದೇ ವರ್ಷದಲ್ಲಿ ನೆಲಮಟ್ಟದ ಓಝೋನ್‌ನಿಂದ ಭಾರತ ಕಳೆದುಕೊಂಡ ಗೋಧಿ ಸುಮಾರು 35 ಲಕ್ಷ ಟನ್, ಅಕ್ಕಿ ಸುಮಾರು 21 ಲಕ್ಷ ಟನ್. ಇದೂ ಮಾಡೆಲ್‌ನಿಂದ ಬಂದ ಅಂಕಿ. ನಾನಿರುವುದು ದಾವಣಗೆರೆಯಲ್ಲಿ, ಭದ್ರಾ ಅಚ್ಚುಕಟ್ಟಿನ ಭತ್ತದ ನಡುವೆ. ಇಲ್ಲಿ ಬೆಳೆ ಕುಂದಿದರೆ ನಾಲೆ ನೀರು ತಡ, ರೋಗ, ಕಳಪೆ ಬೀಜ ಅಂತ ಮಾತಾಡುತ್ತೇವೆ. ಓಝೋನ್ ಅಂತ ಒಬ್ಬರ ಬಾಯಲ್ಲೂ ಬಂದದ್ದನ್ನು ಕೇಳಿಲ್ಲ.

ಓಝೋನ್ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅನ್ನುವುದು ಸಾಮಾನ್ಯ ಬುದ್ಧಿಗೆ ಸಿಗುವುದಿಲ್ಲ. ಟ್ರಾಫಿಕ್ ದಟ್ಟವಾಗಿರುವ ಸರ್ಕಲ್‌ನಲ್ಲಿ ಓಝೋನ್ ಕಡಿಮೆಯೇ ಇರುತ್ತದೆ. ಆಗ ತಾನೇ ಹೊರಬಂದ ನೈಟ್ರಿಕ್ ಆಕ್ಸೈಡ್ ಅದನ್ನು ಅಲ್ಲಿಯೇ ತಿನ್ನುತ್ತದೆ. ಆ ಹೊಗೆ ಗಾಳಿಯಲ್ಲಿ ಸಾಗುತ್ತಾ, ಬಿಸಿಲಲ್ಲಿ ಬೇಯುತ್ತಾ, ಊರಾಚೆ ಹೊಲಗಳ ಮೇಲೆ ಓಝೋನ್ ಆಗುತ್ತದೆ. ಲಾಕ್‌ಡೌನ್ ಕಾಲದಲ್ಲಿ ವಾಹನ ನಿಂತಾಗ ಎಷ್ಟೋ ನಗರಗಳಲ್ಲಿ ಧೂಳು, ನೈಟ್ರೋಜನ್ ಡೈಆಕ್ಸೈಡ್ ಇಳಿದರೂ ಓಝೋನ್ ಮಾತ್ರ ಏರಿತು. ಯಾವ ಅನಿಲವನ್ನು ಎಲ್ಲಿ, ಎಷ್ಟು ಕಡಿಮೆ ಮಾಡಬೇಕು ಅನ್ನುವುದಕ್ಕೆ ಲೆಕ್ಕ ಬೇಕು. ಹೊಗೆ ಪರೀಕ್ಷೆಯ ಸ್ಟಿಕ್ಕರ್ ಅಂಟಿಸಿದರೆ ಆಗುವ ಕೆಲಸ ಅಲ್ಲ.

ಕ್ರುಟ್ಜೆನ್ 2021ರ ಜನವರಿ 28ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ಕಣ್ಣಿಗೆ ಬಿದ್ದ ಸುದ್ದಿಗಳಲ್ಲೂ ಅದೇ ಮೇಲಿನ ಪದರದ ಮಾತು.

ಈಗ ನನ್ನ ಕೋರಿಕೆ. ನೀವು ದಿನಾ ಹಾಕುವ ವಾಯು ಗುಣಮಟ್ಟದ ಸೂಚ್ಯಂಕ ಎಂಟು ಮಾಲಿನ್ಯಗಳಲ್ಲಿ ಅತಿ ಕೆಟ್ಟದ್ದರ ಅಂಕಿ. ಅದು ಸಾಮಾನ್ಯವಾಗಿ ಧೂಳಿನದ್ದೇ. ಓಝೋನ್ ಅದರ ಹಿಂದೆ ಮರೆಯಾಗುತ್ತದೆ. ದೇಶದ ಮಿತಿ 8 ಗಂಟೆಯ ಸರಾಸರಿಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ, 1 ಗಂಟೆಗೆ 180. ಈ ಎರಡು ಸಂಖ್ಯೆಗಳ ಪಕ್ಕದಲ್ಲಿ ಹಿಂದಿನ ದಿನದ ಮಧ್ಯಾಹ್ನದ ಅಳತೆಯನ್ನು ಬೇಸಿಗೆಯಲ್ಲಾದರೂ ಬೇರೆಯಾಗಿ ಪ್ರಕಟಿಸಿ. ಓಝೋನ್ ಏರುವುದು ಮಧ್ಯಾಹ್ನದ ಬಿಸಿಲಿಗೆ. ಬೆಳಗಿನ ಅಂಕಿ ನೋಡಿ ಮಕ್ಕಳನ್ನು ಮಧ್ಯಾಹ್ನ ಮೈದಾನಕ್ಕೆ ಬಿಟ್ಟರೆ ಏನು ಪ್ರಯೋಜನ?

ಇನ್ನೊಂದು ಕೆಲಸ ನಿಮ್ಮ ಕೃಷಿ ವರದಿಗಾರರಿಗೆ. ಅಳತೆ ಕೇಂದ್ರಗಳನ್ನು ನೋಡುವುದು ನಗರಗಳಲ್ಲೇ. ನಗರದ ಗಾಳಿ ಹೋಗಿ ನಿಲ್ಲುವ ಹಳ್ಳಿಗಳಲ್ಲಿ, ಭತ್ತಕ್ಕೆ ತೆನೆ ಕಟ್ಟುವ ಹೊತ್ತಿನಲ್ಲಿ, ಗದ್ದೆಯ ಬದುವಿನ ಮೇಲೆ ಓಝೋನ್ ಎಷ್ಟಿರುತ್ತದೆ ಅಂತ ಅಳೆದಿದ್ದಾರಾ? ಅಳೆದಿದ್ದರೆ ಅಂಕಿ ಎಲ್ಲಿದೆ, ಅಳೆದಿಲ್ಲವಾದರೆ ಯಾವಾಗ ಅಳೆಯುತ್ತಾರೆ? ಈ ಪ್ರಶ್ನೆಯನ್ನು ಕೃಷಿ ವಿಶ್ವವಿದ್ಯಾಲಯಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೇಳಿ, ಅವರು ಕೊಟ್ಟ ಉತ್ತರವನ್ನು ಇದೇ ವಾಚಕರ ವಾಣಿಯ ಪಕ್ಕದಲ್ಲಿ ಹಾಕಿ.

– ನಿವೃತ್ತ ಎಂಜಿನಿಯರ್, ದಾವಣಗೆರೆ